ಪಾಯ ತೋಡುವ ಮುಂಚೆ ಪಕ್ಕದ ಮನೆ ಬಾಗಿಲು ತಟ್ಟಿ

ನಮ್ಮ ಪಿಜಿಯ ಪಕ್ಕದ ಮನೆ ಅಜ್ಜಿ ಮೇ ತಿಂಗಳ ಒಂದು ಬೆಳಗ್ಗೆ ಗೇಟಿನ ಹತ್ತಿರ ನಿಂತು ನಮ್ಮನ್ನು ಕರೆದರು. "ನೀವೆಲ್ಲಾ ಇಂಜಿನಿಯರಿಂಗ್ ಓದೋ ಹುಡುಗ್ರಲ್ವೇನ್ರಪ್ಪಾ, ಸ್ವಲ್ಪ ಒಳಗ್ ಬಂದು ಇದೇನು ಅಂತ ನೋಡಿ" ಅಂದರು. ನಾವು ಮೂರು ಜನ. ಮೂವರೂ ಸಿವಿಲ್, ಎರಡನೇ ವರ್ಷ. ಒಳಗೆ ಹೋದೆವು. ಅಡುಗೆಮನೆ ಕಿಟಕಿಯ ಕೆಳಗಿನ ಮೂಲೆಯಿಂದ ನೆಲದ ಕಡೆಗೆ ಓರೆಯಾಗಿ ಒಂದು ಬಿರುಕು ಇಳಿದಿತ್ತು. ಕುತ್ತಿಗೆಯಲ್ಲಿದ್ದ ಐಡಿ ಕಾರ್ಡ್ ತೆಗೆದು ಅದರೊಳಗೆ ತೂರಿಸಿದರೆ ಸಲೀಸಾಗಿ ಒಳಗೆ ಹೋಯಿತು. ಹಿತ್ತಲ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು, ಹಾಕೋಕೆ ಬರುತ್ತಿರಲಿಲ್ಲ. ಗೋಡೆಯ ಆಚೆ ಬದಿಯಲ್ಲಿ ಹನ್ನೊಂದು ಅಡಿ ಆಳದ ಗುಂಡಿ ಇತ್ತು.

ಅಜ್ಜಿ ಕೇಳಿದ ಪ್ರಶ್ನೆ ಒಂದೇ. "ಮನೇಲಿ ಇರಬಹುದಾ, ಬಿಟ್ಟು ಹೋಗ್ಬೇಕಾ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಚಿಕ್ಕಂದಿನಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು ನಾವು. ಬಾಯಿಗೆ ಬಂದದ್ದು 'ಸೆಟ್ಲ್‌ಮೆಂಟ್', 'ಲ್ಯಾಟರಲ್ ಸಪೋರ್ಟ್' ಅನ್ನೋ ಪದಗಳು. ಅದನ್ನು ಅಜ್ಜಿಗೆ ಹೇಳಿ ಏನು ಉಪಯೋಗ? ನಿಜ ಹೇಳಬೇಕಂದರೆ ಆ ಪದಗಳ ಅರ್ಥ ಆ ಗೋಡೆ ಮುಂದೆ ನಿಂತಾಗ ನಮಗೂ ಪೂರ್ತಿ ಗೊತ್ತಿರಲಿಲ್ಲ. "ಸರ್‌ನ ಕೇಳಿ ಹೇಳ್ತೀವಿ ಅಜ್ಜಿ" ಅಂತ ಹೇಳಿ ಹೊರಗೆ ಬಂದೆವು. ಮೇಷ್ಟ್ರು ಸಂಜೆ ಬಂದು ನೋಡಿ, ಆ ರಾತ್ರಿ ಹಿಂದಿನ ಎರಡು ಕೋಣೆಯಲ್ಲಿ ಯಾರೂ ಮಲಗಬೇಡಿ ಅಂದರು. ಅಜ್ಜಿ ಮಗಳ ಮನೆಗೆ ಹೋದರು.

ಈ ಬರಹ ಆ ಬಿರುಕಿನ ಬಗ್ಗೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ನಗರದ ಚಿಕ್ಕ ಸೈಟುಗಳಲ್ಲಿ ನೆಲ ಅಗೆಯುವಾಗ ಪಕ್ಕದ ಮನೆಯನ್ನು ಕಾಪಾಡುವುದು ಅಗೆಯುವವರ ಕೆಲಸ, ಮತ್ತು ಆ ಕೆಲಸ ಶುರುವಾಗಬೇಕಾದದ್ದು ಜೆಸಿಬಿ ಬರುವ ಮುಂಚೆ. ಬಿರುಕು ಬಂದ ಮೇಲೆ ಮಾಡುವುದೆಲ್ಲ ಬರೀ ಜಗಳ.

ನಾವು ನೋಡಿಕೊಂಡೇ ಇದ್ದೆವು

ಮೊದಲು ನಮ್ಮ ತಪ್ಪು. ಯುಗಾದಿ ಆಗಿ ಒಂದು ವಾರಕ್ಕೆ ಅಜ್ಜಿ ಮನೆಯ ಆ ಕಡೆ ಇದ್ದ ಖಾಲಿ ಸೈಟಿಗೆ ಜೆಸಿಬಿ ಬಂತು. ಮೂವತ್ತು ನಲವತ್ತರ ಸೈಟು, ಕೆಳಗೆ ಕಾರ್ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ. ಪಿಜಿ ಟೆರೇಸ್ ಮೇಲಿಂದ ಎಲ್ಲ ಕಾಣುತ್ತಿತ್ತು. ಮೂರು ದಿನದಲ್ಲಿ ಗುಂಡಿ ರೆಡಿ. ಕೆಂಪು ಮಣ್ಣು ಬೆಣ್ಣೆ ಕತ್ತರಿಸಿದ ಹಾಗೆ ನೇರವಾಗಿ ನಿಂತಿತ್ತು. ನಾವು ಅದನ್ನು ವಿಡಿಯೋ ಮಾಡಿ ಸ್ಟೇಟಸ್‌ಗೆ ಹಾಕಿದ್ದೆವು. ಬ್ಯಾಚ್‌ಮೇಟ್‌ಗಳು ಬೆಂಕಿ ಇಮೋಜಿ ಹಾಕಿದರು. ಆ ಅಂಚಿನಿಂದ ಅಜ್ಜಿ ಮನೆ ಗೋಡೆ ಎರಡೇ ಅಡಿ ದೂರ ಅನ್ನುವುದು ನಮ್ಮ ವಿಡಿಯೋದಲ್ಲೇ ಇದೆ. ಯಾರಿಗೂ ಅನುಮಾನ ಬರಲಿಲ್ಲ. ಸಿವಿಲ್ ಓದುವವರಿಗೂ.

ಅಜ್ಜಿ ಮಾತ್ರ ಮೊದಲ ದಿನವೇ ಮೇಸ್ತ್ರಿಯನ್ನು ಕೇಳಿದ್ದರಂತೆ, "ನಮ್ಮ ಗೋಡೆಗೆ ಏನೂ ಆಗಲ್ವೇನಪ್ಪಾ?" ಅಂತ. "ಏನೂ ಆಗಲ್ಲ ಅಜ್ಜಿ, ಮಣ್ಣು ಗಟ್ಟಿ ಇದೆ, ನೀವ್ ಆರಾಮಾಗಿರಿ" ಅಂತ ಉತ್ತರ. ಮೇಸ್ತ್ರಿ ಸುಳ್ಳು ಹೇಳಲಿಲ್ಲ. ಏಪ್ರಿಲ್‌ನಲ್ಲಿ ಮಣ್ಣು ಗಟ್ಟಿಯಾಗಿಯೇ ಇತ್ತು.

ಮಣ್ಣು ಯಾಕೆ ಮೋಸ ಮಾಡುತ್ತೆ

ಮಣ್ಣಿನ ಪಾಠ ನಮಗೆ ಇನ್ನೂ ಪೂರ್ತಿ ಆಗಿಲ್ಲ. ಸೀನಿಯರ್‌ಗಳ ಪುಸ್ತಕ ಇಸ್ಕೊಂಡು ಬಂದು ಓದಿದೆವು, ಮೇಷ್ಟ್ರ ಹತ್ತಿರ ಎರಡು ದಿನ ಕೂತು ಹೇಳಿಸಿಕೊಂಡೆವು. ಅರ್ಥವಾದಷ್ಟನ್ನು ಇಲ್ಲಿ ಬರೆಯುತ್ತೇವೆ.

ನೆಲದೊಳಗಿನ ಮಣ್ಣು ಬಸ್ಸಿನಲ್ಲಿ ಒತ್ತಿಕೊಂಡು ನಿಂತ ಜನರ ಹಾಗೆ. ಎಲ್ಲರೂ ಒಬ್ಬರನ್ನೊಬ್ಬರು ಪಕ್ಕದಿಂದ ಒತ್ತುತ್ತಾ ಇರುತ್ತಾರೆ, ಅದಕ್ಕೇ ಯಾರೂ ಬೀಳಲ್ಲ. ಒಂದು ಕಡೆಯವರು ಒಮ್ಮೆಗೇ ಇಳಿದುಬಿಟ್ಟರೆ ಉಳಿದವರು ಆ ಕಡೆಗೆ ವಾಲುತ್ತಾರೆ. ಗುಂಡಿ ತೋಡುವುದು ಅಂದರೆ ಇಷ್ಟೇ: ಪಕ್ಕದ ಮನೆ ಕೆಳಗಿರುವ ಮಣ್ಣಿಗೆ ಒಂದು ಕಡೆಯಿಂದ ಸಿಗುತ್ತಿದ್ದ ಆಸರೆಯನ್ನು ತೆಗೆಯುವುದು.

ಹಾಗಾದರೆ ಮಣ್ಣು ತಕ್ಷಣ ಯಾಕೆ ಕುಸಿಯಲಿಲ್ಲ? ನಮ್ಮ ಕೆಂಪು ಮಣ್ಣಿಗೆ ಅಂಟು ಗುಣ ಇದೆ. ಒಣಗಿದಾಗ, ಕಣಗಳ ನಡುವೆ ಉಳಿದ ಸ್ವಲ್ಪ ತೇವ ಅವುಗಳನ್ನು ಒಂದಕ್ಕೊಂದು ಎಳೆದು ಹಿಡಿಯುತ್ತೆ. ನೇರವಾಗಿ ಕತ್ತರಿಸಿದ ಮಣ್ಣು ಆಸರೆಯಿಲ್ಲದೆ ಎಷ್ಟು ಎತ್ತರ ನಿಲ್ಲಬಹುದು ಅನ್ನೋದಕ್ಕೆ, ಕಣಗಳ ನಡುವಿನ ಘರ್ಷಣೆಯನ್ನು ಬಿಟ್ಟು ಮಾಡುವ ಒಂದು ಸರಳ ಲೆಕ್ಕ ಇದೆ. ಅಂಟಿನ ಬಲವನ್ನು ನಾಲ್ಕರಿಂದ ಗುಣಿಸಿ, ಮಣ್ಣಿನ ತೂಕದಿಂದ ಭಾಗಿಸಬೇಕು. ಉದಾಹರಣೆಗೆ ಅಂಟಿನ ಬಲ ಚದರ ಮೀಟರಿಗೆ 15 ಕಿಲೋನ್ಯೂಟನ್, ಮಣ್ಣಿನ ತೂಕ ಘನ ಮೀಟರಿಗೆ 18 ಕಿಲೋನ್ಯೂಟನ್ ಅಂತ ಇಟ್ಟುಕೊಳ್ಳಿ. ಉತ್ತರ 3.3 ಮೀಟರ್, ಅಂದರೆ ಹತ್ತಿರ ಹತ್ತಿರ 11 ಅಡಿ. ಪಕ್ಕದ ಸೈಟಿನ ಗುಂಡಿಯಷ್ಟೇ!

ಈಗ ಮಳೆ ಬರಲಿ. ಮಣ್ಣು ನೆನೆದು ಅಂಟಿನ ಬಲ ಅರ್ಧಕ್ಕೆ ಇಳಿದರೆ ಅದೇ ಲೆಕ್ಕದಲ್ಲಿ ಉತ್ತರ ಐದೂವರೆ ಅಡಿ. ಗುಂಡಿ ಮಾತ್ರ ಹನ್ನೊಂದು ಅಡಿಯೇ ಇರುತ್ತೆ. ಇದರಲ್ಲಿ ಮೇಲೆ ಕೂತ ಮನೆಯ ಭಾರ ಸೇರಿಲ್ಲ. ಅಂಚಿನಲ್ಲಿ ಸುರಿದ ಮಣ್ಣಿನ ರಾಶಿ, ರಿವರ್ಸ್ ಬಂದು ನಿಲ್ಲುವ ಟಿಪ್ಪರ್, ಮಣ್ಣಿನ ಸೀಳಿನಲ್ಲಿ ತುಂಬಿಕೊಂಡ ನೀರಿನ ಒತ್ತಡ, ಯಾವುದೂ ಸೇರಿಲ್ಲ. ಏಪ್ರಿಲ್‌ನ ಬಿಸಿಲಿನಲ್ಲಿ ತೋಡಿ ಹಾಗೇ ಬಿಟ್ಟ ಗುಂಡಿ ಮೇ ತಿಂಗಳ ಗುಡುಗು ಮಳೆಗೆ ಯಾಕೆ ಕುಸಿಯುತ್ತೆ ಅನ್ನೋದು ಇದರಲ್ಲೇ ಇದೆ. ಮೇಸ್ತ್ರಿ ನೋಡಿ ಹೇಳಿದ್ದು ಆ ದಿನದ ಮಣ್ಣನ್ನು.

ಇನ್ನೊಂದು ಲೆಕ್ಕ ಇದಕ್ಕಿಂತ ಸುಲಭ. ಪಕ್ಕದ ಮನೆ ಪಾಯದ ತಳದಿಂದ ಕೆಳಕ್ಕೆ, ಹೊರಗಡೆಗೆ 45 ಡಿಗ್ರಿ ಓರೆಯಲ್ಲಿ ಒಂದು ಗೆರೆ ಎಳೆಯಿರಿ. ಮನೆಯ ಭಾರ ಸುಮಾರಾಗಿ ಆ ಗೆರೆಯ ಒಳಗಿನ ಮಣ್ಣಿನಲ್ಲಿ ಹರಡುತ್ತೆ ಅಂತ ಇಟ್ಟುಕೊಳ್ಳಬಹುದು. ನಿಮ್ಮ ಗುಂಡಿ ಆ ಗೆರೆಯನ್ನು ಕತ್ತರಿಸಿದರೆ ನೀವು ಅವರ ಪಾಯದ ಕೆಳಗೇ ಕೈ ಹಾಕಿದ್ದೀರಿ ಅಂತ ಅರ್ಥ. ಅಜ್ಜಿ ಮನೆಯದು ಹಳೇ ಕಾಲದ ಸೈಜುಗಲ್ಲಿನ ಪಾಯ, ಆಳ ನಾಲ್ಕು ಅಡಿ. ಮೇಲೆ ಇಟ್ಟಿಗೆ ಗೋಡೆಯೇ ಎಲ್ಲ ಭಾರ ಹೊರುತ್ತೆ, ಕಾಲಂ ಇಲ್ಲ. ಗುಂಡಿ ಹನ್ನೊಂದು ಅಡಿ. ವ್ಯತ್ಯಾಸ ಏಳು ಅಡಿ. ಅಂದರೆ ಗುಂಡಿಯ ಅಂಚು ಕಡಿಮೆಯೆಂದರೂ ಏಳು ಅಡಿ ದೂರ ಇರಬೇಕಿತ್ತು. ಇದ್ದದ್ದು ಎರಡು ಅಡಿ. ಈ ಲೆಕ್ಕಕ್ಕೆ ಡಿಗ್ರಿ ಬೇಡ, ಹೈಸ್ಕೂಲ್ ಜ್ಯಾಮಿಟ್ರಿ ಸಾಕು. ಅದನ್ನು ಯಾರೂ ಮಾಡಿರಲಿಲ್ಲ ಅಷ್ಟೇ.

ದೊಡ್ಡ ಕಟ್ಟಡಗಳೂ ಇದಕ್ಕೆ ಹೊರತಲ್ಲ. 2009ರ ಜೂನ್ 27ರಂದು ಚೀನಾದ ಶಾಂಘೈನಲ್ಲಿ 13 ಮಹಡಿಯ ಒಂದು ಹೊಸ ಕಟ್ಟಡ ಇಡಿಯಾಗಿ ಪಕ್ಕಕ್ಕೆ ಮಲಗಿಬಿಟ್ಟಿತು. ಒಂದು ಕಡೆ ನೆಲಮಾಳಿಗೆ ಪಾರ್ಕಿಂಗ್‌ಗಾಗಿ 4.6 ಮೀಟರ್ ಆಳ ತೋಡಿದ್ದರು. ಆ ಮಣ್ಣನ್ನು ಇನ್ನೊಂದು ಕಡೆ ಸುಮಾರು 10 ಮೀಟರ್ ಎತ್ತರಕ್ಕೆ ರಾಶಿ ಹಾಕಿದ್ದರು. ಒಂದು ಕಡೆ ಆಸರೆ ಹೋಯಿತು, ಇನ್ನೊಂದು ಕಡೆಯಿಂದ ರಾಶಿ ತಳ್ಳಿತು, ಕೆಳಗಿನ ಪೈಲ್‌ಗಳು ಮುರಿದವು. ಒಬ್ಬ ಕಾರ್ಮಿಕ ಸತ್ತ. ನಮಗೆ ಹತ್ತಿರದ್ದೇ ಬೇಕೆಂದರೆ 2024ರ ನವೆಂಬರ್‌ನಲ್ಲಿ ಹೈದರಾಬಾದ್‌ನ ಗಚ್ಚಿಬೌಲಿ ಬಳಿಯ ಸಿದ್ದಿಕ್ ನಗರದಲ್ಲಿ, ಪಕ್ಕದ ಸೈಟಿನಲ್ಲಿ ಪಾಯಕ್ಕೆ ಗುಂಡಿ ತೋಡುತ್ತಿದ್ದಾಗ, ಚಿಕ್ಕ ಜಾಗದಲ್ಲಿ ಎದ್ದಿದ್ದ ಹಲವು ಮಹಡಿಯ ಕಟ್ಟಡ ಒಂದು ಕಡೆ ವಾಲಿತು. ಜನರನ್ನು ಖಾಲಿ ಮಾಡಿಸಿ, ಕೊನೆಗೆ ಅಧಿಕಾರಿಗಳು ಅದನ್ನು ಒಡೆಸಿಯೇಬಿಟ್ಟರು.

ದಾರಿ ಇಲ್ಲದೆ ಇಲ್ಲ

"ಹಾಗಾದ್ರೆ ಮನೆ ಕಟ್ಟಲೇಬಾರ್ದಾ?" ಅಂತ ನಮ್ಮ ಪಿಜಿ ಅಂಕಲ್ ಕೇಳಿದರು. ಕಟ್ಟಬೇಕು. ಕಾರ್ ರಸ್ತೆಯಲ್ಲಿ ನಿಲ್ಲೋದಕ್ಕಿಂತ ಕೆಳಗೆ ನಿಲ್ಲೋದು ಒಳ್ಳೇದೇ. ಸುರಕ್ಷಿತವಾಗಿ ತೋಡುವ ವಿಧಾನಗಳು ಹೊಸದೇನಲ್ಲ. ದೊಡ್ಡ ಸೈಟುಗಳಲ್ಲಿ ತೋಡುವ ಮೊದಲೇ ಅಂಚಿನುದ್ದಕ್ಕೂ ಕಾಂಕ್ರೀಟ್ ಪೈಲ್‌ಗಳನ್ನು ಒತ್ತೊತ್ತಾಗಿ ಇಳಿಸುತ್ತಾರೆ. ಕೆಲವು ಕಡೆ ಉಕ್ಕಿನ ಐ-ಬೀಮ್ ನಿಲ್ಲಿಸಿ, ನಡುವೆ ಹಲಗೆ ಕೊಟ್ಟು ಮಣ್ಣು ತಡೆಯುತ್ತಾರೆ. ಮಣ್ಣಿನೊಳಗೆ ಉದ್ದದ ಸರಳು ಹೊಡೆದು ಮೇಲೆ ಕಾಂಕ್ರೀಟ್ ಸಿಂಪಡಿಸುವ ಪದ್ಧತಿಯೂ ಇದೆ. ಆದರೆ ಆ ಸರಳು ಪಕ್ಕದವರ ಜಾಗದ ಕೆಳಗೆ ಹೋಗುತ್ತೆ, ಅವರನ್ನು ಕೇಳದೆ ಮಾಡುವ ಹಾಗಿಲ್ಲ.

ಇದೆಲ್ಲ ಮೂವತ್ತು ನಲವತ್ತರ ಸೈಟಿಗೆ ದುಬಾರಿ ಅನ್ನೋದು ನಿಜ. ಆದರೆ ಹೆಚ್ಚು ಖರ್ಚಿಲ್ಲದ ದಾರಿಯೂ ಇದೆ, ಬೇಕಾಗಿರೋದು ತಾಳ್ಮೆ. ಪಕ್ಕದ ಮನೆ ಕಡೆಗೆ ಮಣ್ಣಿನ ಒಂದು ದಿಬ್ಬ ಉಳಿಸಿ ನಡುವೆ ಮಾತ್ರ ತೋಡುವುದು. ಆಮೇಲೆ ಆ ದಿಬ್ಬವನ್ನು ನಾಲ್ಕೈದು ಅಡಿ ಅಗಲದ ತುಂಡುಗಳಾಗಿ ಗುರುತು ಮಾಡಿ, ಒಂದು ಬಿಟ್ಟು ಒಂದು ತುಂಡು ಬಿಡಿಸಿ, ಅಲ್ಲಿ ತಡೆಗೋಡೆ ಕಟ್ಟುವುದು. ಕಾಂಕ್ರೀಟ್ ಗಟ್ಟಿಯಾದ ಮೇಲೆ ಉಳಿದ ತುಂಡುಗಳು. ಯಾವ ಹೊತ್ತಿನಲ್ಲೂ ಪಕ್ಕದ ಗೋಡೆಯ ಪೂರ್ತಿ ಉದ್ದ ಆಸರೆಯಿಲ್ಲದೆ ಇರಬಾರದು ಅನ್ನೋದು ಸೂತ್ರ. ಪಕ್ಕದ ಪಾಯ ತೀರಾ ಹತ್ತಿರ ಇದ್ದರೆ ಅವರ ಒಪ್ಪಿಗೆಯಿಂದ ಅವರ ಪಾಯವನ್ನೇ ಇದೇ ರೀತಿ ತುಂಡು ತುಂಡಾಗಿ ಕೆಳಕ್ಕೆ ಇಳಿಸಬಹುದು. ಮೂರು ದಿನದ ಕೆಲಸ ಮೂರು ವಾರ ಆಗುತ್ತೆ. ಆಗಲಿ. ಇದನ್ನು ಗೊತ್ತಿರುವ ಇಂಜಿನಿಯರ್ ಲೆಕ್ಕ ಹಾಕಿ, ಅಲ್ಲೇ ನಿಂತು ಮಾಡಿಸಬೇಕು. ಫೋನಿನಲ್ಲಿ ಆಗೋ ಕೆಲಸ ಅಲ್ಲ.

ನಿಯಮಗಳೂ ಇವೆ. ಅಗೆತದ ಸುರಕ್ಷತೆಗೆಂದೇ ಐಎಸ್ 3764 ಅನ್ನೋ ಭಾರತೀಯ ಮಾನಕ ಇದೆ, ಈಗಿನ ರೂಪ 1992ರದ್ದು. ಒಂದೂವರೆ ಮೀಟರಿಗಿಂತ ಆಳದ ಕಂದಕಕ್ಕೆ ಆಸರೆ ಕೊಡಬೇಕು, ಅಗೆದ ಮಣ್ಣನ್ನು ಅಂಚಿಗೆ ರಾಶಿ ಹಾಕಬಾರದು ಅನ್ನೋದೆಲ್ಲ ಅದರಲ್ಲಿದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಏಳನೇ ಭಾಗದಲ್ಲೂ ಕಟ್ಟುವ ಕೆಲಸದ ಸುರಕ್ಷತೆಯ ವಿಷಯ ಇದೆ. ಈ ನಿಯಮ ಅಜ್ಜಿಗೆ ಮಾತ್ರ ಅಲ್ಲ. ಮಣ್ಣು ಕುಸಿದಾಗ ಮೊದಲು ಸಿಕ್ಕಿಹಾಕಿಕೊಳ್ಳುವವರು ಗುಂಡಿಯೊಳಗೆ ಕಂಬಿ ಕಟ್ಟುತ್ತಿರುವ ಕೂಲಿಯವರು. ಒಂದು ಘನ ಮೀಟರ್ ಮಣ್ಣಿನ ತೂಕ ಹತ್ತಿರ ಹತ್ತಿರ 1,800 ಕಿಲೋ, ಒಂದು ದೊಡ್ಡ ಕಾರಿನಷ್ಟು. ಎದೆ ತನಕ ಹೂತುಹೋದವರು ಉಸಿರಾಡೋದೂ ಕಷ್ಟ. ಆ ಸೈಟಿನ ಮೂಲೆಯ ತಗಡಿನ ಶೆಡ್‌ನಲ್ಲಿ ಎರಡು ಸಂಸಾರ ಇದ್ದವು, ಚಿಕ್ಕ ಮಕ್ಕಳು ಅದೇ ಅಂಚಿನಲ್ಲಿ ಆಡುತ್ತಿದ್ದರು. ಅದೂ ನಮ್ಮ ವಿಡಿಯೋದಲ್ಲಿದೆ.

1988ರ ಕಲ್ಲು

ಈಗ ಜಗಳದ ವಿಷಯಕ್ಕೆ ಬರುತ್ತೇವೆ. ಬಿರುಕು ಬಂದ ಮೇಲೆ ಅಜ್ಜಿಯ ಅಳಿಯ ಸೈಟಿನ ಓನರ್ ಹತ್ತಿರ ಮಾತಾಡೋಕೆ ಹೋದರು. ಓನರ್ ಕೆಟ್ಟ ಮನುಷ್ಯರೇನಲ್ಲ. ಅವರೂ ಸಾಲ ಮಾಡಿ ಮನೆ ಕಟ್ಟುತ್ತಿರುವವರು. ಅವರು ಹೇಳಿದ್ದು ಎರಡು ಮಾತು. "ನಿಮ್ದು ಹಳೇ ಮನೆ ಸಾರ್, ಬಿರುಕು ಮೊದ್ಲೇ ಇತ್ತು." "ನನ್ ಜಾಗದಲ್ಲಿ ನಾನು ತೋಡಿದೀನಿ, ನಿಮ್ ಜಾಗಕ್ಕೆ ಕೈ ಹಾಕಿಲ್ವಲ್ಲ."

ಎರಡನೇ ಮಾತಿಗೆ ಉತ್ತರ 1882ರಷ್ಟು ಹಳೇದು. ಆ ವರ್ಷ ಬಂದ ಭಾರತೀಯ ಅನುಭೋಗ ಹಕ್ಕುಗಳ ಕಾಯ್ದೆ, ನಾವು ಇಂಗ್ಲಿಷ್‌ನಲ್ಲಿ ಈಸ್‌ಮೆಂಟ್ಸ್ ಆಕ್ಟ್ ಅನ್ನೋದು, ಇದನ್ನು ನೇರವಾಗಿ ಹೇಳುತ್ತೆ. ಅದರ 7ನೇ ಸೆಕ್ಷನ್ ಪ್ರಕಾರ ಪ್ರತಿ ಜಾಗಕ್ಕೂ ತನ್ನ ಸಹಜ ಸ್ಥಿತಿಯಲ್ಲಿ ಪಕ್ಕದ ಜಾಗದ ಮಣ್ಣಿನ ಆಸರೆ ಪಡೆಯುವ ಹಕ್ಕಿದೆ. ಆದರೆ ಅದು ಖಾಲಿ ನೆಲದ ಮಾತು. ಮೇಲೆ ಮನೆ ಕಟ್ಟಿ ಭಾರ ಹೆಚ್ಚಿಸಿದ್ದರೆ? ಅದಕ್ಕೆ 15ನೇ ಸೆಕ್ಷನ್. ಯಾರ ತಕರಾರೂ ಇಲ್ಲದೆ, ನಡುವೆ ನಿಲ್ಲದೆ, ಹಕ್ಕಾಗಿ 20 ವರ್ಷ ಆ ಆಸರೆ ಪಡೆದಿದ್ದರೆ ಮನೆಗೂ ಆ ಹಕ್ಕು ಗಟ್ಟಿಯಾಗುತ್ತೆ. ಅಜ್ಜಿ ಮನೆ ಬಾಗಿಲ ಮೇಲೆ, ತಾತ ಕೆತ್ತಿಸಿ ಕೂರಿಸಿದ ಕಲ್ಲಿನಲ್ಲಿ, 1988 ಅಂತ ಇದೆ. ನಾವು ಎಷ್ಟೋ ಸಲ ಆ ಬಾಗಿಲು ದಾಟಿ ಒಬ್ಬಟ್ಟು ತಿಂದು ಬಂದಿದ್ದೆವು. ಆ ಕಲ್ಲು ಒಂದು ಸಾಕ್ಷಿ ಅಂತ ಹೊಳೆದದ್ದು ಆ ದಿನ. ಕೋರ್ಟಿನಲ್ಲಿ ಇದು ಎಷ್ಟು ನಿಲ್ಲುತ್ತೆ ಅಂತ ಹೇಳಬೇಕಾದವರು ವಕೀಲರು, ನಾವಲ್ಲ. ಆದರೆ 'ನನ್ನ ಜಾಗ, ನನ್ನಿಷ್ಟ' ಅನ್ನೋ ಮಾತನ್ನು ಕಾನೂನು ಒಪ್ಪಲ್ಲ ಅನ್ನೋದಂತೂ ಸ್ಪಷ್ಟ.

ಮೊದಲ ಮಾತಿಗೆ, ಅಂದರೆ 'ಬಿರುಕು ಮೊದಲೇ ಇತ್ತು' ಅನ್ನೋದಕ್ಕೆ, ಉತ್ತರ ಯಾವ ಕಾಯ್ದೆಯಲ್ಲೂ ಸಿಗಲಿಲ್ಲ. ನಮ್ಮ ಫೋನಿನಲ್ಲಿ ಸಿಕ್ಕಿತು. ಯುಗಾದಿ ದಿನ ಅಜ್ಜಿ ಊಟಕ್ಕೆ ಕರೆದಿದ್ದಾಗ ಹಾಲ್‌ನಲ್ಲಿ ನಿಂತು ಒಂದು ಗ್ರೂಪ್ ಫೋಟೋ ತೆಗೆದಿದ್ದೆವು. ನಮ್ಮ ತಲೆಗಳ ಹಿಂದೆ ಆ ಕಡೆಯ ಗೋಡೆ ಕಾಣುತ್ತೆ, ಸುಣ್ಣ ಬಳಿದ ಸಪಾಟು ಗೋಡೆ, ಒಂದು ಗೆರೆ ಇಲ್ಲ. ಅದರ ಮೇಲೆ ದಿನಾಂಕವೂ ಇತ್ತು. ಆ ಫೋಟೋ ನೋಡಿದ ಮೇಲೆ ಓನರ್ ಸುಮ್ಮನಾದರು. ಹಾಲ್ ಗೋಡೆ ರಿಪೇರಿಗೆ ಒಪ್ಪಿದರು, ಗುಂಡಿಗೆ ಆಸರೆಯನ್ನೂ ಕೊಡಿಸಿದರು. ಅಡುಗೆಮನೆಗೆ ಒಪ್ಪಲಿಲ್ಲ. ಅಲ್ಲಿ ನಾವು ಫೋಟೋ ತೆಗೆದಿರಲಿಲ್ಲ.

ಒಂದು ಮನೆಗೆ ನ್ಯಾಯ ಸಿಗೋದು ಹುಡುಗರು ಎಲ್ಲಿ ನಿಂತು ಸೆಲ್ಫಿ ತೆಗೆದರು ಅನ್ನೋದರ ಮೇಲೆ ನಿಂತಿರಬಾರದು. ನಾವು ಈ ಬರಹ ಬರೆಯೋಕೆ ಕಾರಣ ಇದೇ.

ಮೆಟ್ರೋಗೆ ಒಂದು ರೀತಿ, ಮೂವತ್ತು ನಲವತ್ತಕ್ಕೆ ಒಂದು ರೀತಿ

ಇದೇ ಬೆಂಗಳೂರಿನಲ್ಲಿ ನಮ್ಮ ಮೆಟ್ರೋದ ಗುಲಾಬಿ ಮಾರ್ಗಕ್ಕೆ ಡೇರಿ ಸರ್ಕಲ್ ಕಡೆಯಿಂದ ನಾಗವಾರದ ತನಕ ಹದಿಮೂರು ಕಿಲೋಮೀಟರಿಗಿಂತ ಹೆಚ್ಚು ಉದ್ದ ನೆಲದಡಿ ಸುರಂಗ ಕೊರೆದಿದ್ದಾರೆ. ತುಂಗಾ, ಭದ್ರಾ, ಊರ್ಜಾ ಅಂತೆಲ್ಲ ಹೆಸರಿನ ಯಂತ್ರಗಳು ಮನೆ, ಅಂಗಡಿಗಳ ಕೆಳಗೇ ಹಾದುಹೋದವು. ಇಂಥ ಕೆಲಸದಲ್ಲಿ ಯಂತ್ರ ಬರುವ ಮುಂಚೆಯೇ ದಾರಿಯ ಮೇಲಿನ ಕಟ್ಟಡಗಳ ಸ್ಥಿತಿ ಸಮೀಕ್ಷೆ ಮಾಡುತ್ತಾರೆ. ಇರುವ ಬಿರುಕುಗಳನ್ನು ಗುರುತು ಹಾಕಿ ಬರೆದುಕೊಳ್ಳುತ್ತಾರೆ. ನೆಲ ಎಷ್ಟು ಕುಸಿಯಿತು, ಗೋಡೆ ಎಷ್ಟು ವಾಲಿತು ಅಂತ ಅಳೆಯೋ ಉಪಕರಣ ಕೂರಿಸುತ್ತಾರೆ. ಮಿತಿ ಮೀರಿದರೆ ಕೆಲಸ ನಿಲ್ಲಿಸುತ್ತಾರೆ. ಅಂದರೆ ಮಾಡೋದು ಹೇಗೆ ಅಂತ ನಮ್ಮ ಊರಿಗೆ ಗೊತ್ತು. ಆ ತಿಳುವಳಿಕೆ ಗಲ್ಲಿಯೊಳಗಿನ ಸೈಟಿಗೆ ಬಂದಿಲ್ಲ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1996ರಲ್ಲಿ ಇದಕ್ಕೆ ಒಂದು ಕಾಯ್ದೆಯನ್ನೇ ಮಾಡಿದರು, ಪಾರ್ಟಿ ವಾಲ್ ಕಾಯ್ದೆ ಅಂತ. ಪಕ್ಕದ ಕಟ್ಟಡದಿಂದ ಮೂರು ಮೀಟರ್ ಒಳಗೆ, ಅವರ ಪಾಯಕ್ಕಿಂತ ಆಳ ತೋಡಬೇಕೆಂದರೆ ಒಂದು ತಿಂಗಳು ಮುಂಚೆ ಬರೆದು ತಿಳಿಸಬೇಕು. ಆರು ಮೀಟರ್ ಒಳಗಾದರೆ, ನಾವು ಮೇಲೆ ಹೇಳಿದ 45 ಡಿಗ್ರಿ ಗೆರೆಯನ್ನು ನಿಮ್ಮ ಗುಂಡಿ ಕತ್ತರಿಸುತ್ತಾ ಅಂತ ನೋಡುತ್ತಾರೆ. ಅಂದರೆ ನಮ್ಮ ಹೈಸ್ಕೂಲ್ ಜ್ಯಾಮಿಟ್ರಿ ಅಲ್ಲಿ ಕಾನೂನು!

ನಾವು ಕೇಳೋದು ಮೂರು ವಿಷಯ. ಒಂದು, ನೆಲಮಾಳಿಗೆ ಇರುವ ಯಾವ ಪ್ಲಾನಿನಲ್ಲೂ ಪಕ್ಕದ ಮನೆ, ಅದರ ದೂರ, ಅದರ ಪಾಯದ ಆಳ ಕಾಣಬೇಕು. ಈ ವರ್ಷ ನಾವು ಬಿಡಿಸಿದ ಎಲ್ಲ ಪ್ಲಾನ್‌ಗಳೂ ಸೈಟಿನ ಗಡಿ ಗೆರೆಗೇ ನಿಂತುಹೋಗುತ್ತವೆ, ಅದರಾಚೆ ಬರೀ ಬಿಳಿ ಹಾಳೆ. ಆ ಬಿಳಿ ಜಾಗದಲ್ಲಿ ಒಬ್ಬ ಅಜ್ಜಿ ಇರುತ್ತಾರೆ. ಎರಡು, ಅಗೆಯುವ ಕೆಲವು ವಾರ ಮುಂಚೆ ಪಕ್ಕದವರಿಗೆ ಕನ್ನಡದಲ್ಲಿ ಬರೆದು ತಿಳಿಸಬೇಕು, ಇಬ್ಬರೂ ಒಟ್ಟಿಗೆ ನಿಂತು ಗೋಡೆಗಳ ಫೋಟೋ ತೆಗೆದು ಸಹಿ ಹಾಕಬೇಕು. ಮೂರು, ಆಸರೆಯ ವಿನ್ಯಾಸ ಮಾಡಿದ ಇಂಜಿನಿಯರ್ ಹೆಸರು, ಫೋನ್ ನಂಬರ್ ಸೈಟಿನ ಬೋರ್ಡಿನಲ್ಲಿ ಇರಬೇಕು. ಬಿಲ್ಡರ್ ಹೆಸರು ಇಷ್ಟು ದೊಡ್ಡದಾಗಿ ಹಾಕ್ತಾರಲ್ಲ, ಅದರ ಪಕ್ಕದಲ್ಲೇ ಇರಲಿ.

ಇದಕ್ಕೆ ವಿರೋಧವಾಗಿ ಬರೋ ಮಾತುಗಳೂ ನಮಗೆ ಗೊತ್ತು. ಫೋಟೋ ತೆಗೆಯೋಕೆ ಬಂದಾಗ ಪಕ್ಕದವರು ದುಡ್ಡು ಕೇಳಬಹುದು, ಹಠ ಮಾಡಬಹುದು. ಎಷ್ಟೋ ಸಲ ಪಕ್ಕದವರೇ ಸೆಟ್‌ಬ್ಯಾಕ್ ಬಿಡದೆ ಗಡಿಗೆ ಅಂಟಿಸಿ ಕಟ್ಟಿರುತ್ತಾರೆ, ಆಮೇಲೆ ತೋಡುವವರ ಮೇಲೆ ಕೂಗಾಡುತ್ತಾರೆ. ಇವು ಸುಳ್ಳಲ್ಲ. ಆದರೆ ಅವರು ತಪ್ಪು ಮಾಡಿದ್ದಾರೆ ಅಂತ ಅವರ ಮನೆ ಬೀಳಿಸೋಕೆ ಆಗಲ್ಲ, ಅದರೊಳಗೆ ಬಾಡಿಗೆಗೆ ಇರೋರು ಏನು ತಪ್ಪು ಮಾಡಿದ್ದಾರೆ? ಇನ್ನು ಮೊದಲೇ ತೆಗೆದ ಫೋಟೋ ತೋಡುವವರನ್ನೂ ಕಾಪಾಡುತ್ತೆ. ಹಳೇ ಬಿರುಕು ತೋರಿಸಿ ಹೊಸ ದುಡ್ಡು ಕೇಳೋದು ಆಗ ಯಾರಿಗೂ ಸಾಧ್ಯವಾಗಲ್ಲ.

ನಾವು ಮಾಡಬಹುದಾದದ್ದು

ಕಾನೂನು ಬರೋ ತನಕ ಕಾಯೋದಾ? ನಮಗೆ ಹಾಗನ್ನಿಸಲ್ಲ. ನಮ್ಮ ಕಾಲೇಜಿನ ಸುತ್ತಮುತ್ತ ಈಗಲೇ ನಾಲ್ಕು ಕಡೆ ಹಸಿರು ಪರದೆ ಕಟ್ಟಿದ್ದಾರೆ. ಸರ್ವೇ ಲ್ಯಾಬ್‌ನಲ್ಲಿ ಲೆವೆಲ್ ಹಿಡಿಯೋದು ಕಲಿತಿದ್ದೇವೆ, ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ. ಕನ್ನಡ ಸಂಘದವರು, ಸಿವಿಲ್ ವಿಭಾಗದವರು ಸೇರಿ ಒಂದು ಪುಟದ ಕನ್ನಡ ಫಾರಂ ಮಾಡಿದರೆ ಬೇಕಾದವರ ಮನೆಗೆ ಹೋಗಿ ಉಚಿತವಾಗಿ ತುಂಬಿಕೊಡಬಹುದು. ಮೇಷ್ಟ್ರು ಒಬ್ಬರು ಜೊತೆಗಿರಲು ಒಪ್ಪಿದ್ದಾರೆ. ಫಾರಂನಲ್ಲಿ ಇರಬೇಕಾದದ್ದು ಇಷ್ಟು:

ಮನೆ ಕಟ್ಟಿದ ವರ್ಷ, ಪಾಯ ಯಾವ ರೀತಿಯದು, ಎಷ್ಟು ಆಳ.

ಪ್ರತಿ ಕೋಣೆಯ ನಾಲ್ಕೂ ಗೋಡೆ, ನೆಲ, ಸೂರಿನ ಫೋಟೋ, ದಿನಾಂಕದ ಜೊತೆ. ಅಡುಗೆಮನೆ, ಬಚ್ಚಲುಮನೆ ಬಿಡಬಾರದು.

ಈಗಾಗಲೇ ಇರುವ ಬಿರುಕು ಎಲ್ಲಿಂದ ಎಲ್ಲಿಗೆ, ಎಷ್ಟು ಅಗಲ. ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದ ಫೋಟೋ.

ಯಾವ ಬಾಗಿಲು, ಕಿಟಕಿ ಸಲೀಸಾಗಿ ಹಾಕಲು ಬರುತ್ತೆ, ಯಾವುದು ಬರಲ್ಲ.

ತೂಕದ ಗುಂಡು ಇಳಿಬಿಟ್ಟು ನೋಡಿದ ಗೋಡೆಯ ನೇರ.

ಅಗೆತ ಶುರುವಾದ ಮೇಲೆ ಮನೆಯವರು ತಾವೇ ಮಾಡಬಹುದಾದ ಒಂದು ಹಳೇ ಉಪಾಯವನ್ನೂ ಮೇಷ್ಟ್ರು ಹೇಳಿಕೊಟ್ಟರು. ಬಿರುಕಿಗೆ ಅಡ್ಡವಾಗಿ ತೆಳ್ಳಗಿನ ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಸಿಮೆಂಟ್ ಮೆತ್ತಿ, ದಿನಾಂಕ ಬರೆಯಬೇಕು. ಗಾಜು ಸೀಳಿದರೆ ಗೋಡೆ ಇನ್ನೂ ಅಲುಗುತ್ತಿದೆ ಅಂತ ಅರ್ಥ. ಆಗ ಕೆಲಸ ನಿಲ್ಲಿಸಿ ಇಂಜಿನಿಯರ್‌ನ ಕರೆಸಬೇಕು, ಆ ಕೋಣೆ ಖಾಲಿ ಮಾಡಬೇಕು.

ಅಜ್ಜಿ ಮನೆಗೆ ನಾವು ಹಾಕಿಕೊಟ್ಟ ಗಾಜು ಆರು ವಾರದಿಂದ ಸೀಳಿಲ್ಲ. ಹೋದ ವಾರ ಅಜ್ಜಿ ವಾಪಸ್ ಬಂದರು. ಅಡುಗೆಮನೆ ಬಿರುಕಿಗೆ ತಮ್ಮ ದುಡ್ಡಿನಲ್ಲೇ ಗಾರೆ ಮಾಡಿಸಿದ್ದಾರೆ. ಬಣ್ಣ ಹೊಂದಿಲ್ಲ, ದೂರದಿಂದಲೇ ಕಾಣುತ್ತೆ. "ಇನ್ನೇನ್ ಭಯ ಇಲ್ವಲ್ಲಪ್ಪಾ?" ಅಂತ ಮತ್ತೆ ಕೇಳಿದರು. ಈ ಸಲ ನಾವು ಗಾಜು ತೋರಿಸಿ, ಅದು ಯಾಕೆ ಅಲ್ಲಿದೆ, ಸೀಳಿದರೆ ಯಾರಿಗೆ ಫೋನ್ ಮಾಡಬೇಕು ಅಂತ ಕನ್ನಡದಲ್ಲೇ ಹೇಳಿದೆವು. ಅಜ್ಜಿ ದಿನಾ ಬೆಳಗ್ಗೆ ದೇವರಿಗೆ ದೀಪ ಹಚ್ಚಿದ ಮೇಲೆ ಅದನ್ನೂ ಒಮ್ಮೆ ನೋಡುತ್ತಾರಂತೆ.

ಇನ್ನು ಎರಡು ವರ್ಷಕ್ಕೆ ನಮ್ಮಲ್ಲೇ ಯಾರೋ ಒಬ್ಬರು ಇಂಥ ಸೈಟಿನಲ್ಲಿ ಸೈಟ್ ಇಂಜಿನಿಯರ್ ಆಗಿ ನಿಂತಿರುತ್ತೇವೆ. ಓನರ್ ಅವಸರ ಮಾಡುತ್ತಾರೆ, ಜೆಸಿಬಿ ಬಾಡಿಗೆ ಗಂಟೆ ಲೆಕ್ಕದಲ್ಲಿ ಏರುತ್ತಿರುತ್ತೆ. ಅವತ್ತು ಜೆಸಿಬಿಯವರಿಗೆ ಅರ್ಧ ಗಂಟೆ ನಿಲ್ಲಿ ಅಂತ ಹೇಳಿ, ಹೋಗಿ ಪಕ್ಕದ ಮನೆ ಬಾಗಿಲು ತಟ್ಟೋಣ.

ಫಾರಂ ಕೆಲಸಕ್ಕೆ ಸೇರಬೇಕು ಅನ್ನೋರು ಕನ್ನಡ ಸಂಘದ ಕೋಣೆಗೆ ಬನ್ನಿ. ಮೆಕ್ಯಾನಿಕಲ್, ಕಂಪ್ಯೂಟರ್ ಸೈನ್ಸ್‌ನವರೂ ಬರಬಹುದು. ಫೋಟೋ ತೆಗೆಯೋಕೆ ಬ್ರಾಂಚ್ ಬೇಕಿಲ್ಲ.